ಲಿಮೊನೀನ್

ಲಿಮೊನೀನ್: ಕಿತ್ತಳೆಯೇ ಮೊದಲಾದ ನಿಂಬೆಯ ಜಾತಿಯ ಹಣ್ಣುಗಳ ಸಿಪ್ಪೆಯ ತೈಲದಲ್ಲಿ ಪ್ರಧಾನಾಂಶವಾಗಿದ್ದು, ಯಂತ್ರಭಾಗಗಳಿಗೆ ಅಂಟಿದ ಜಿಡ್ಡನ್ನು ಕರಗಿಸಲು ಬಳಕೆಯಾಗುವ ಸಸ್ಯಜನ್ಯ ದ್ರಾವಕ. ಬ್ರೆಜಿಲ್, ಫ್ಲಾರಿಡಾಗಳ ಹಣ್ಣಿನ ರಸದ ಕಾರ್ಖಾನೆಗಳಲ್ಲಿ ಉಪೋತ್ಪನ್ನವಾಗಿ ದೊರೆಯುವ ಈ ವರ್ಣರಹಿತ ದ್ರವವು, 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ, ಓಜೋನ್ ಪದರಕ್ಕೆ ಹಾನಿಕರವಾದ ಕ್ಲೋರಿನ್‌ಯುಕ್ತ ದ್ರಾವಕಗಳಿಗೆ ಪರ್ಯಾಯವಾಗಿ ಪ್ರಚಾರಕ್ಕೆ ಬಂದಿತು. ಇದೂ ಎಣ್ಣೆಯ ಸ್ವಭಾವದ ಹೈಡ್ರೊಕಾರ್ಬನ್ ಆದುದರಿಂದ ಗ್ರೀಸು, ಮೇಣಗಳು ಇದರಲ್ಲಿ ಸುಲಭವಾಗಿ ವಿಲೀನವಾಗುವುವು. ಮಾರ್ಜಕದ್ರವ್ಯವನ್ನು ಬೆರೆಸಿದಲ್ಲಿ, ಕರಗಿದ ಜಿಡ್ಡನ್ನು ನೀರಿನಿಂದಲೇ ತೊಳೆಯಬಹುದು. ಸಸ್ಯಮೂಲವೆಂಬ ಮಾತ್ರಕ್ಕೆ ಇದು ನಿರಪಾಯವಲ್ಲ: ಸುಮಾರು 48° ಸೆ. ಉಷ್ಣತೆಯಲ್ಲಿ ಇದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವುದು. ಗಾಳಿಯಲ್ಲಿ ಉತ್ಕರ್ಷಿತವಾದದ್ದು ಚರ್ಮಕ್ಕೆ ಅಲರ್ಜಿಯನ್ನುಂಟುಮಾಡುವುದು. ಜಲಚರಗಳಿಗೂ ಇದು ವಿಷಕಾರಿ. ಆದಕಾರಣ ಕಿಡಿ, ಜ್ವಾಲೆಗಳಿಂದ ದೂರದಲ್ಲಿ, ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ಧರಿಸಿಯೇ ಬಳಸತಕ್ಕದ್ದು. ಬಳಸಿ ಉಳಿದುದನ್ನು ಚರಂಡಿಗೆ ಸುರಿಯಲಾಗದು.