ಹಳೆಯ ಉಕ್ಕಿನ ವಯಸ್ಸು

ಕಡಲಾಳಕ್ಕೆ ಇಳಿಯುವವರು ಹಳೆಯ ಉಕ್ಕಿನ ಗಾಳಿ ಸಿಲಿಂಡರ್ ಕೊಳ್ಳುವಾಗ ಹೊರಗಿನ ಬಣ್ಣವನ್ನು ನಂಬಬಾರದು. ಮೇಲೆ ಅಚ್ಚೊತ್ತಿದ ಪರೀಕ್ಷೆಯ ದಿನಾಂಕವನ್ನೂ ಒಳಗಿನ ತುಕ್ಕನ್ನೂ ನೋಡಬೇಕು. ನಮ್ಮ ಹೊಸಪೇಟೆಗೆ ಇದೇ ಪಾಠವನ್ನು ಕಲಿಸಿದವಳು ತುಂಗಭದ್ರೆ.

1953ರಿಂದ ನೀರು ಹಿಡಿದಿಟ್ಟ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ನದಿಪಾತ್ರದ ಕಂಪ್ಲಿಯವರಿಗೆ ಪ್ರವಾಹದ ಭಯ. ರೈತರಿಗೆ ಬೆಳೆಯ ಚಿಂತೆ. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಿದರು.

ಪ್ರಿಯ ವಿದ್ಯಾರ್ಥಿಗಳೇ, ಅಣೆಕಟ್ಟಿನ ಉದ್ದ, ಎತ್ತರಗಳನ್ನು ನಾನು ನಿಮಗೆ ಬಾಯಿಪಾಠ ಮಾಡಿಸಿದೆ. ಸರಪಳಿಯ ವಯಸ್ಸನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ. ಹಳೆಯದನ್ನು ನಂಬುವ ಮುನ್ನ ಪರೀಕ್ಷಿಸಿರಿ.