ತೂಗುವ ತಕ್ಕಡಿ ಒಂದೇ ಇರಲಿ

ಬೈಬಲನ್ನು ನಾವು ಮೊದಲ ಸಲ ಕೈಗೆತ್ತಿಕೊಂಡದ್ದು ಅದರಲ್ಲಿ ತಪ್ಪು ಹುಡುಕುವುದಕ್ಕಾಗಿ. ಮುನಿರಾಬಾದಿನಲ್ಲಿ ಕಳೆದ ವಿದ್ಯಾರ್ಥಿ ದಿನಗಳ ಮಾತು. ವಾದವಿವಾದದ ಉರ್ದು ಕಿರುಹೊತ್ತಗೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಸುವಾರ್ತೆಗಳಲ್ಲಿ ಪರಸ್ಪರ ಹೊಂದದ ಸಾಲುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಕ್ರೈಸ್ತ ಗೆಳೆಯನ ಮುಂದಿಟ್ಟೆವು. ಅವನು ನಕ್ಕುಬಿಟ್ಟ. "ನೀ ಹೇಳೋದನ್ನೆಲ್ಲಾ ನಮ್ಮ ಪಾದ್ರಿಗಳು ಕಾಲೇಜಿನ್ಯಾಗ ಓದಿಕೊಂಡೇ ಬಂದಿರ್ತಾರಲೇ" ಎಂದ. ಗೆದ್ದೆವೆಂದುಕೊಂಡಿದ್ದ ನಮಗೆ ಮಾತೇ ಹೊರಡಲಿಲ್ಲ. ಗ್ರಂಥದಲ್ಲಿ ಶ್ರದ್ಧೆಯಿಟ್ಟವರೇ ಅದನ್ನು ಹೀಗೆ ಪರೀಕ್ಷಿಸುವುದೇಕೆ?

ಇದಕ್ಕೆ ಉತ್ತರ ನಮ್ಮ ಹತ್ತಿರದಲ್ಲೇ ಇತ್ತು. ಗಿಣಿಗೇರಾ ದಾಟಿ ಕೊಪ್ಪಳಕ್ಕೆ ಹೋದರೆ ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಶಾಸನವಿದೆ. 1931ರಲ್ಲಿ ಬೆಳಕಿಗೆ ಬಂದ ಇವನ್ನು ಆರ್. ಎಲ್. ಟರ್ನರ್ ಓದಿ, ಮರುವರ್ಷ ನಿಜಾಮ್ ಸರ್ಕಾರದ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಎರಡರಲ್ಲಿಯೂ ಇರುವುದು ಒಂದೇ ಶಾಸನ. ಪಾಲ್ಕಿಗುಂಡಿನದು ಬಹಳ ಸವೆದಿದೆ. ಅಲ್ಲಿ ಅಳಿದುಹೋದದ್ದನ್ನು ಗವಿಮಠದ ಪ್ರತಿ ನೋಡಿ ಊಹಿಸಬೇಕು. ಇಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇದೆ, ಅರಸನ ಹೆಸರಿಲ್ಲ. ಆ ಹೆಸರು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿತ್ತು. ಒಂದು ಪ್ರತಿಯ ಕೊರತೆಯನ್ನು ಇನ್ನೊಂದು ತುಂಬಿತು. ಅಶೋಕನನ್ನು ಅವಮಾನಿಸಲು ಯಾರೂ ಈ ಕೆಲಸ ಮಾಡಲಿಲ್ಲ. ಅವನು ಏನು ಹೇಳಿದನೆಂದು ತಿಳಿಯಲು ಮಾಡಿದರು.

ಬೈಬಲಿನ ವಿದ್ವಾಂಸರ ಮೊದಲ ಕೆಲಸವೂ ಇದೇ. ಅದನ್ನು ಪಾಠಶೋಧನೆ ಎನ್ನುತ್ತಾರೆ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ನಾಲ್ಕನೇ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದನ್ನು ಅವರೇ ಕಂಡುಹಿಡಿದು ಹೇಳಿದರು. ಎರಡನೆಯದು ಮೂಲಶೋಧನೆ. ಆದಿಕಾಂಡದಲ್ಲಿ ದೇವರಿಗೆ ಎರಡು ಬೇರೆ ಹೆಸರುಗಳು ಬರುವುದನ್ನು ಗಮನಿಸಿದ ಫ್ರೆಂಚ್ ವೈದ್ಯ ಜಾನ್ ಆಸ್ಟ್ರುಕ್, ಅದರ ಹಿಂದೆ ಬೇರೆ ಬೇರೆ ಆಕರಗಳಿವೆಯೆಂದು 1753ರಲ್ಲಿ ಬರೆದ. ಮೂರನೆಯದು ರೂಪ ವಿಮರ್ಶೆ. ಬರಹಕ್ಕಿಳಿಯುವ ಮೊದಲು ಈ ಮಾತು ಹಾಡಾಗಿತ್ತೆ, ಗಾದೆಯಾಗಿತ್ತೆ, ಯಾವ ಸಂದರ್ಭದಲ್ಲಿ ಜನರ ಬಾಯಲ್ಲಿತ್ತು ಎಂದು ಜರ್ಮನಿಯ ಹೆರ್ಮನ್ ಗುಂಕೆಲ್ ಕೇಳಿದರು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಹರಮ್ಮಿನ ರಿವಾಯತ್ ಪದವನ್ನು ಅಲಾವಿ, ಪಂಜಾ, ಹೆಜ್ಜೆಮೇಳಗಳಿಂದ ಬಿಡಿಸಿ ಬರೀ ಕಾಗದದ ಮೇಲೆ ಓದಿದರೆ ಅರ್ಧವೂ ಅರ್ಥವಾಗುವುದಿಲ್ಲ. ಇನ್ನೂ ಮುಂದೆ ಬಂದರೆ, ಓದುವವನು ಯಾರೆಂಬ ಪ್ರಶ್ನೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ, ಶೋಷಿತರ ಕಣ್ಣಿನಿಂದ ಧರ್ಮವನ್ನು ನೋಡುವ ದಲಿತ ಕ್ರೈಸ್ತ ಚಿಂತನೆ ಮೊದಲಾಯಿತೆನ್ನುತ್ತಾರೆ.

ಈ ವಿದ್ಯೆ ಕನ್ನಡಕ್ಕೂ ಒದಗಿದೆ. ಮುನಿರಾಬಾದಿನಿಂದ ಹೊಳೆ ದಾಟಿದರೆ ಆಗಿನ ಮದ್ರಾಸ್ ಪ್ರಾಂತ್ಯ. ಅಲ್ಲಿನ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಮುಂದೆ ಆ ಅನುವಾದದ ಪರಿಷ್ಕರಣೆಗೆ ದುಡಿದವರಲ್ಲಿ ಬೆಂಗಳೂರಿನ ಪಾದ್ರಿ ಬೆಂಜಮಿನ್ ರೈಸ್ ಒಬ್ಬರು. ಅವರ ಮಗನೇ ಬಿ. ಎಲ್. ರೈಸ್. ಬ್ರಹ್ಮಗಿರಿಯ ಅಶೋಕ ಶಾಸನಗಳನ್ನು 1892ರಲ್ಲಿ ಪತ್ತೆಹಚ್ಚಿದವರು, ಪಂಪನ ಕಾವ್ಯವನ್ನು ಅಚ್ಚಿಗೆ ತಂದವರು. ತಂದೆ ದೇವರ ಗ್ರಂಥದ ಪಾಠ ತಿದ್ದಿದರೆ, ಮಗ ನಮ್ಮ ಕಲ್ಲು ಮತ್ತು ಓಲೆಗರಿಗಳ ಪಾಠ ಹುಡುಕಿದರು.

ಆದರೆ ಇದೇ ವಿದ್ಯೆ ಕತ್ತಿಯೂ ಆದೀತು. 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ಪಾದ್ರಿ ಫಂಡರ್ ನಡುವೆ ಮುನಾಜರಾ ನಡೆಯಿತು. ಮೌಲಾನಾರ ಜೊತೆಗಿದ್ದ ಇಂಗ್ಲಿಷ್ ಬಲ್ಲ ಡಾಕ್ಟರ್ ವಜೀರ್ ಖಾನ್ ಯುರೋಪಿನ ಬೈಬಲ್ ವಿಮರ್ಶಕರ ಪುಸ್ತಕಗಳನ್ನೇ ಮುಂದಿಟ್ಟರು. ಕೆಲವು ಕಡೆ ಪಾಠ ಬದಲಾಗಿರುವುದನ್ನು ಫಂಡರ್ ಒಪ್ಪಬೇಕಾಯಿತು. ಇಸ್ಲಾಮನ್ನು ಹಳಿಯುವ ಪುಸ್ತಕಕ್ಕೆ ಕೊಟ್ಟ ಉತ್ತರ ಅದು. ಆ ಕಾಲದ ಒತ್ತಡ ನಮಗೆ ಅರ್ಥವಾಗುತ್ತದೆ. ಎಂಟೇ ವರ್ಷದಲ್ಲಿ, 1862ರಲ್ಲಿ, ಸರ್ ಸಯ್ಯದ್ ಅಹ್ಮದ್ ಖಾನ್ 'ತಬ್ಯೀನುಲ್ ಕಲಾಮ್' ಎಂಬ ಬೈಬಲ್ ವ್ಯಾಖ್ಯಾನ ಹೊರತಂದರು. ತಿರುಚಿದ್ದು ಹೆಚ್ಚಾಗಿ ಅರ್ಥವನ್ನೇ ಹೊರತು ಅಕ್ಷರವನ್ನಲ್ಲ ಎಂಬುದು ಅವರ ನಿಲುವು. ನೆರೆಯವನ ಗ್ರಂಥವನ್ನು ಅವನ ಜೊತೆ ಕೂತು ಓದುವ ಪ್ರಯತ್ನವದು.

ನಮ್ಮ ಉಸ್ತಾದರು ಒಂದು ಹದೀಸ್ ಹೇಳಿದರೆ, ಇದನ್ನು ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಕೊಂಡಿ ಕೊಂಡಿಯಾಗಿ ಕೇಳಿಸುತ್ತಿದ್ದರು. ದುರ್ಬಲ ರಿವಾಯತನ್ನು ದುರ್ಬಲವೆಂದು ಹೇಳಿದ್ದು ಇಮಾಮರೇ, ವಿರೋಧಿಗಳಲ್ಲ. ಅದರಿಂದ ಯಾರ ಈಮಾನೂ ಕುಂದಲಿಲ್ಲ. ಹಾಗಿರುವಾಗ ಪರೀಕ್ಷೆಯನ್ನು ನಮ್ಮಲ್ಲಿ ವಿದ್ವತ್ತೆಂದೂ ಪರರಲ್ಲಿ ಸೋಲೆಂದೂ ಕರೆಯುವುದು ಯಾವ ನ್ಯಾಯ? ತಕ್ಕಡಿಯನ್ನು ಸರಿಯಾಗಿ ಹಿಡಿಯಿರೆಂದು ಕುರ್‌ಆನ್ ಮತ್ತೆ ಮತ್ತೆ ಎಚ್ಚರಿಸುವುದು ಅಂಗಡಿಯವರನ್ನು ಮಾತ್ರವೇ?

ಆ ಬೈಬಲ್ ಈಗಲೂ ನಮ್ಮ ಬಳಿ ಇದೆ. ಪೆನ್ಸಿಲ್ ಗೆರೆಗಳು ಮಾಸಿವೆ. ಈಗ ಅದನ್ನು ತೆರೆದಾಗ ಗೆರೆಯಿಲ್ಲದ ಸಾಲುಗಳನ್ನೂ ಓದುತ್ತೇವೆ.