ಪಕ್ಷಾಘಾತವೂ ಮಿದುಳನ್ನು ಕಾಣುವ ವಿದ್ಯೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಜನರು ಲಕ್ವಾ ಎಂದು ಕರೆಯುವ ವ್ಯಾಧಿಯೇ ಶಾಸ್ತ್ರೋಕ್ತವಾದ ಪಕ್ಷಾಘಾತವು. ಸುಶ್ರುತಾಚಾರ್ಯನು ಇದನ್ನು ವಾತವ್ಯಾಧಿಗಳಲ್ಲಿ ಎಣಿಸಿರುವನು. ಶರೀರದ ಒಂದು ಪಕ್ಷವು ಸ್ವಾಧೀನ ತಪ್ಪುವುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ತಲೆಬುರುಡೆಯೊಳಗೆ ನಡೆದುದನ್ನು ಜೀವಂತ ರೋಗಿಯಲ್ಲಿ ಕಾಣುವ ಕಣ್ಣು ಯಾವ ದೇಶದ ವೈದ್ಯನಿಗೂ ಇರಲಿಲ್ಲ. 1658ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ವೆಪ್ಫರನೆಂಬ ವೈದ್ಯನು ಮೃತದೇಹಗಳನ್ನು ಛೇದಿಸಿ, ಮಿದುಳಿನಲ್ಲಿ ರಕ್ತ ಸೋರುವುದರಿಂದ ಇಂಥ ಆಘಾತವುಂಟಾಗುವುದೆಂದು ತೋರಿಸಿದನು. ಮರಣಾನಂತರ ತಿಳಿದ ಕಾರಣದಿಂದ ಆ ರೋಗಿಗೆ ಪ್ರಯೋಜನವೇನು?

ಈ ವ್ಯಾಧಿಗೆ ಮೂಲಗಳು ಎರಡು. ರಕ್ತನಾಳವು ಕಟ್ಟಿಕೊಂಡು ಮಿದುಳಿನ ಒಂದು ಭಾಗವು ರಕ್ತವಿಲ್ಲದೆ ಬಾಡುವುದು ಒಂದು. ನಾಳವೇ ಒಡೆದು ರಕ್ತ ಸುರಿಯುವುದು ಇನ್ನೊಂದು. ಬಾಯಿ ಸೊಟ್ಟಗಾಗುವುದು, ಕೈಕಾಲು ಬೀಳುವುದು, ಮಾತು ತೊದಲುವುದು ಎರಡರಲ್ಲಿಯೂ ಸಮಾನ. ಚಿಕಿತ್ಸೆಯಾದರೋ ಬೇರೆ. ಹೆಪ್ಪನ್ನು ಕರಗಿಸುವ ಔಷಧವು ಮೊದಲನೆಯ ರೋಗಿಗೆ ಅಮೃತ, ಎರಡನೆಯವನಿಗೆ ವಿಷ.

1895ರಲ್ಲಿ ರಾಂಟ್ಜೆನನು ಕ್ಷಕಿರಣವನ್ನು ಕಂಡುಹಿಡಿದಾಗ ಎಲುಬು ಕಂಡಿತು, ಮಿದುಳು ಕಾಣಲಿಲ್ಲ. 1927ರಲ್ಲಿ ಪೋರ್ಚುಗಲ್ಲಿನ ಮೋನಿಜನು ನಾಳಗಳಿಗೆ ದ್ರವವನ್ನು ಚುಚ್ಚಿ ನಾಳಗಳ ಚಿತ್ರವನ್ನು ಪಡೆದನು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಜೀವಂತ ರೋಗಿಯ ಮಿದುಳನ್ನೇ ಪದರು ಪದರಾಗಿ ತೋರಿಸಿತು. ಸುರಿದ ರಕ್ತವು ಅದರಲ್ಲಿ ಬೆಳ್ಳಗೆ ಕಾಣುವುದರಿಂದ ಎರಡು ಮೂಲಗಳ ಭೇದವು ಕೆಲವೇ ನಿಮಿಷಗಳಲ್ಲಿ ತಿಳಿಯತೊಡಗಿತು. ಅನಂತರ ಬಂದ ಎಂ.ಆರ್.ಐ. ಯಂತ್ರವು, ಸಿ.ಟಿ.ಗೆ ಮೊದಲ ತಾಸುಗಳಲ್ಲಿ ಅನೇಕವೇಳೆ ಕಾಣದ ಬಾಡಿದ ಭಾಗವನ್ನೂ ತೋರಿಸುತ್ತದೆ.

ಕೆಲವೊಮ್ಮೆ ಈ ಆಘಾತವು ಅಲ್ಪಕಾಲದಲ್ಲಿ ತಾನಾಗಿ ಇಳಿಯುವುದು. ಬಿದ್ದ ಕೈ ಮತ್ತೆ ಏಳುವುದು. ಮನೆಯವರು ದೇವರು ದೊಡ್ಡವನೆಂದು ಹೊಲದ ಕೆಲಸಕ್ಕೆ ತೊಡಗುವರು. 24 ತಾಸಿನೊಳಗೆ ಇಳಿದುದು ಮಿದುಳಿಗೆ ಹಾನಿ ಮಾಡಿಲ್ಲವೆಂದು ವೈದ್ಯರೂ ಎಣಿಸಿದ್ದರು. ಚಿತ್ರಗಳು ಅಂಥ ಹಲವರ ಮಿದುಳಿನಲ್ಲಿಯೂ ಗಾಯವನ್ನು ತೋರಿಸಿದುದರಿಂದ, 2009ರಲ್ಲಿ ಅಮೆರಿಕದ ವೈದ್ಯರು ಗಡಿಯಾರವನ್ನು ಬಿಟ್ಟು ಮಿದುಳಿನ ಸ್ಥಿತಿಯನ್ನೇ ಲಕ್ಷಣವಾಗಿ ಅಂಗೀಕರಿಸಿದರು. ಇಳಿದ ಆಘಾತದ ಹಿಂದೆ ಮಹಾಘಾತವು ಬರುವ ಭಯವು ಮೊದಲ ಎರಡು ದಿನಗಳಲ್ಲಿಯೇ ಅಧಿಕ.

1910ರಲ್ಲಿ ಫ. ಗು. ಹಳಕಟ್ಟಿಯವರು ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ವಿದ್ಯೆಯು ಜಿಲ್ಲೆಯ ಬಾಗಿಲಿಗೆ ಬಂದಿದೆ; ಆದರೆ ಯಂತ್ರವು ತನ್ನಲ್ಲಿಗೆ ಬಂದವನನ್ನು ಮಾತ್ರ ನೋಡಬಲ್ಲದು. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಅವಧಿ. ಎಣ್ಣೆ ತಿಕ್ಕುವುದರಲ್ಲಿ, ಬೆಳಗಾಗಲೆಂದು ಕಾಯುವುದರಲ್ಲಿ ಅದು ಕಳೆದುಹೋಗಬಾರದು. ಬಾಯಿ ಸೊಟ್ಟಗಾದುದು ಸರಿಹೋದರೂ ಅಂದೇ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು ಮನೆಯವರ ಧರ್ಮವು.